ನೀರು ತಣ್ಣಗಾಗ್ಯಾವೇನು?

ನೀವು ನಂಬುವುದಿಲ್ಲ. ನಂಬದಿದ್ದರೂ ನನಗೇನೂ ಬೇಸರವಿಲ್ಲ, ನಾನು ಹೇಳಿದ್ದನ್ನು ಒಂದೇ ಸಲಕ್ಕೆ ನಂಬಿದವರು ಹಾನಗಲ್ಲಿನಲ್ಲಿ ಇನ್ನೂ ಹುಟ್ಟಿಲ್ಲ. ಆದರೂ ಹೇಳಿಬಿಡುತ್ತೇನೆ: ನಮ್ಮ ಮನೆಯವರು ಒಂದು ಇಡೀ ಹಂಗಾಮು ಅರಬ್ಬೀ ಸಮುದ್ರವನ್ನು ತಣ್ಣಗಿಡುವ ಕೆಲಸ ಮಾಡಿದ್ದೇವೆ. ಸಂಬಳವಿಲ್ಲ, ರಜೆಯಿಲ್ಲ. ಸಮುದ್ರವನ್ನು ಒಮ್ಮೆಯೂ ಕಣ್ಣಾರೆ ನೋಡದ ಹೆಂಗಸರು ನಾವು. ಅಪ್ಪನ ಅವ್ವ, ಅಂದರೆ ನಮ್ಮ ಆಯಿ, ನಮ್ಮ ಅವ್ವ, ಮಧ್ಯದಲ್ಲಿ ಸಿಕ್ಕಿಹಾಕಿಕೊಂಡ ಪಕ್ಕದ ಮನೆಯ ಗೌರಕ್ಕ, ಮತ್ತು ಈ ಎಲ್ಲದರ ಮೂಲ ಪುರುಷಳಾದ ನಾನು. ನನಗೀಗ ಹದಿನಾರು. ಆತ್ಮಕಥೆ ಶುರುಮಾಡಲು ಸ್ವಲ್ಪ ತಡವಾಯಿತು, ಒಪ್ಪುತ್ತೇನೆ. ಆದರೆ ಇಷ್ಟು ದಿನ ಬರೆಯಲು ಧೈರ್ಯವಿರಲಿಲ್ಲ. ಏಕೆಂದರೆ ನಗಿಸಬೇಕೆಂದು ಶುರುಮಾಡಿದ ಈ ಕಥೆ ಪ್ರತಿ ಸಲವೂ ಎಲ್ಲೋ ಒಂದು ಕಡೆ ನನ್ನ ಗಂಟಲಿಗೇ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತದೆ. ಮೀನಿನ ಮನೆಯವಳು ನಾನು, ಮುಳ್ಳು ಹೊಸದಲ್ಲ.

ಮೀನಿನ ಮನೆಯಲ್ಲಿ ಹುಟ್ಟಿದ ನನಗೆ ಇಟ್ಟ ಹೆಸರು ಕಸ್ತೂರಿ. ಶಾಲೆಯಲ್ಲಿ ಹಾಜರಿ ಕೂಗಿದಾಗಲೆಲ್ಲ ಹಿಂದಿನ ಬೆಂಚಿನವರು ಮೂಗು ಹಿಡಿದು “ಘಮಘಮ” ಅನ್ನುತ್ತಿದ್ದರು, ನಾನು ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದೆ. ನಮ್ಮ ಮನೆ ಆನೆಕೆರೆಯ ಹಿಂದಿನ ಓಣಿಯಲ್ಲಿ, ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು: ಪಡಸಾಲೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲು ಮತ್ತು ಬಚ್ಚಲು. ಮುಂಬಾಗಿಲಲ್ಲಿ ಯಾರಾದರೂ ಸೀನಿದರೆ ಬಚ್ಚಲಲ್ಲಿ ಕುಳಿತವರು “ಚಿರಂಜೀವಿ” ಅನ್ನಬಹುದಾಗಿತ್ತು. ಪಡಸಾಲೆಯ ಗೂಟಕ್ಕೆ ಅಪ್ಪನ ಒಂದು ಅಂಗಿ ಯಾವಾಗಲೂ ತೂಗುತ್ತಿತ್ತು. ಎಷ್ಟು ಒಗೆದರೂ ಅದು ಬಂದರಿನಲ್ಲೇ ವಾಸವಾಗಿತ್ತು: ಉಪ್ಪು, ಡೀಸೆಲ್ಲು, ಕರಗಿದ ಐಸು. ಅಪ್ಪ ಊರಲ್ಲಿಲ್ಲದ ದಿನ ನಾನು ಅದರ ಕೆಳಗೆ ಕುಳಿತು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಈಗ ಅಪ್ಪ ದಿನಾಲೂ ರಾತ್ರಿ ಮನೆಯಲ್ಲೇ ಊಟ ಮಾಡುತ್ತಾನೆ, ಹಿಂದೆ ಮೀನು ಹೇರುತ್ತಿದ್ದ ಅದೇ ಟೆಂಪೋದಲ್ಲಿ ಗೋವಿನಜೋಳದ ಚೀಲ ಸಾಗಿಸುತ್ತಾನೆ, ಅವನ ಅಂಗಿಗಳು ಸೋಪಿನ ವಾಸನೆ ಹೊಡೆಯುತ್ತವೆ. ಜೋಳ ತುಂಬಿದ ಆ ಗಾಡಿಯನ್ನು ಊರಿನ ಬೆಕ್ಕುಗಳು ಇವತ್ತಿಗೂ ಆಸೆಯಿಂದ ಹಿಂಬಾಲಿಸುತ್ತವೆ. ನನಗೂ ಆ ಬೆಕ್ಕುಗಳಿಗೂ ಬಹಳ ವ್ಯತ್ಯಾಸವಿಲ್ಲ.

ಆಗ ಅಪ್ಪ ತಾರ್ಲಿ ತರುತ್ತಿದ್ದ. ತಾರ್ಲಿ ಅಂದರೆ ಗೇಣುದ್ದವೂ ಇಲ್ಲದ ಬೆಳ್ಳಿಯ ಮೀನು, ಹಿಂಡು ಹಿಂಡಾಗಿ ಬರುವಂಥದ್ದು. ಕುಮಟಾದ ಬಂದರಿನಲ್ಲಿ ಬೆಳಿಗ್ಗೆ ತುಂಬಿಕೊಂಡು, ಘಟ್ಟ ಹತ್ತಿ, ಶಿರಸಿ ದಾಟಿ, ಮಧ್ಯಾಹ್ನದ ಊಟಕ್ಕೆ ಮನೆ ಮುಟ್ಟುತ್ತಿದ್ದ. ಆಮೇಲೆ ಒಂದೊಂದು ದಿನ ಒಂದೊಂದು ಊರಿನ ಸಂತೆ: ಶಿಗ್ಗಾವಿ, ಸವಣೂರು, ಹಿರೇಕೆರೂರು. ಯಾವ ಊರಿನವರು ಮೀನನ್ನು ಹೇಗೆ ನೋಡುತ್ತಾರೆಂದು ಊಟಕ್ಕೆ ಕುಳಿತು ಅಭಿನಯ ಮಾಡಿ ತೋರಿಸುತ್ತಿದ್ದ. ಸವಣೂರಿನವರು ಕಿವಿರು ಎತ್ತಿ ಡಾಕ್ಟರರಂತೆ ಪರೀಕ್ಷೆ ಮಾಡುತ್ತಾರಂತೆ. ಶಿಗ್ಗಾವಿಯವರು ಮೊದಲು ದರ ಕೇಳಿ, ನಕ್ಕು, ಚಹಾ ಕುಡಿಯಲು ಹೋಗಿ, ತಿರುಗಿ ಬಂದು ಅದೇ ದರಕ್ಕೆ ಒಯ್ಯುತ್ತಾರಂತೆ. ಮದಗದ ಕೆರೆಯ ದಂಡೆಯ ಮಾಸೂರಿನವರಿಗೆ ಮಾತ್ರ ಮಾರುವುದು ಕಷ್ಟ. ಸಿಹಿನೀರಿನ ಮೀನು ತಿಂದು ಬೆಳೆದವರು, ತಾರ್ಲಿಯನ್ನು ಹೆಣ್ಣು ನೋಡಲು ಬಂದ ಬೀಗರ ಹಾಗೆ ನೋಡಿ, “ಸ್ವಲ್ಪ ಸಣ್ಣದು” ಎಂದು ಎದ್ದು ಹೋಗುತ್ತಿದ್ದರಂತೆ. ಅವ್ವ ನಕ್ಕು ನಕ್ಕು ರೊಟ್ಟಿ ಸೀಯಿಸುತ್ತಿದ್ದಳು.

ಮಾರಿ ಉಳಿದದ್ದು ನಮ್ಮ ಹೆಂಚಿಗೆ. ಆಯಿ ತಾರ್ಲಿಗೆ ಎಣ್ಣೆ ಹಾಕುತ್ತಲೇ ಇರಲಿಲ್ಲ. ಖಾರ ಮೆತ್ತಿ ಬರಿ ಹೆಂಚಿನ ಮೇಲೆ ಮಲಗಿಸಿದರೆ ಅದು ತನ್ನೊಳಗಿನ ಎಣ್ಣೆಯನ್ನು ತಾನೇ ಬಿಟ್ಟು ಚುರುಚುರು ಎಂದು ಬೇಯುತ್ತಿತ್ತು. ಆ ಸಪ್ಪಳ ಕೇಳಿಯೇ ಆಯಿ ಹವಾಮಾನ ವರದಿ ಕೊಡುತ್ತಿದ್ದಳು.

“ಎಣ್ಣಿ ಚೊಲೊ ಬಿಡಾಕತ್ತಾವ. ಸಮುದ್ರದಾಗ ಊಟ ಐತಿ ಈಗ.”

ಮೀನು ಹೆಂಚಿಗೆ ಅಂಟಿಕೊಂಡು ಒಣಗಿದರೆ ಅವಳ ಮುಖವೂ ಒಣಗುತ್ತಿತ್ತು.

“ಉಪಾಸ ಬಿದ್ದಾವ ಇವು. ಇನ್ನ ಇರೂದಿಲ್ಲ, ಹೊಕ್ಕಾವ.”

ಎಲ್ಲಿಗೆ ಹೋಗುತ್ತವೆ, ಏಕೆ ಹೋಗುತ್ತವೆ ಎಂದು ಕೇಳಿದ್ದಕ್ಕೆ ಅಪ್ಪ ಒಂದು ಲೋಟ ಚಹಾ ತೆಗೆದುಕೊಂಡು ಅದರಲ್ಲಿ ಸಕ್ಕರೆ ಹಾಕಿ, ಕಲಕದೆ ನನ್ನ ಮುಂದಿಟ್ಟ. ಕುಡಿದೆ, ಸಪ್ಪೆ, ನಾಲಿಗೆ ಸುಟ್ಟಿತು.

“ಸಕ್ಕರಿ ಎಲ್ಲೈತಿ?”

“ತಳದಾಗ.”

“ಸಮುದ್ರದಾಗೂ ಹಂಗ. ಮೀನಿನ ಊಟದ ಸತ್ವ ಎಲ್ಲಾ ತಳದ ತಣ್ಣೀರಿನಾಗ ಕುಂತಿರತೈತಿ. ಮಳಿಗಾಲದ ಗಾಳಿ ಬಂದು ಮ್ಯಾಲಿನ ಬಿಸಿನೀರನ್ನ ದಂಡಿಯಿಂದ ಆಚೆ ದೂಡತೈತಿ. ಆ ಜಾಗಾ ತುಂಬಾಕ ತಳದ ತಣ್ಣೀರು ಮ್ಯಾಲ ಬರ್ತಾವ, ಸತ್ವ ತಗೊಂಡು. ಬಿಸಿಲು ಬೀಳ್ತು ಅಂದ್ರ ನೀರು ಹಸರ ಆಗತೈತಿ, ಪಾಚಿ ಹುಟ್ಟತೈತಿ. ತಾರ್ಲಿ ಅದನ್ನ ತಿನ್ನಾಕ ದಂಡಿಗೆ ಬರ್ತಾವ.”

“ಗಾಳಿ ಅಂದ್ರ ಚಮಚ?”

“ಹೂಂ, ಚಮಚ. ಚಮಚ ಸರಿಯಾಗಿ ತಿರುಗಲಿಲ್ಲ ಅಂದ್ರ ಮ್ಯಾಲ ಬರೇ ಬಿಸಿನೀರು. ತಾರ್ಲಿಗೆ ಆಗಿಬರೂದಿಲ್ಲ. ತಳಕ್ಕ ಇಳೀತಾವ, ಇಲ್ಲಾ ತಂಪು ಹುಡುಕ್ಕೊಂಡು ಮತ್ತೊಂದು ಊರಿಗೆ ಹೊಕ್ಕಾವ. ಗುಳೆ ಹೋದಂಗ.”

ಹೀಗೆ ನಮ್ಮ ಮನೆಯಲ್ಲಿ ಒಂದು ಮಾತು ಹುಟ್ಟಿತು. ಅಪ್ಪ ಬಂದರಿನಿಂದ ಫೋನು ಮಾಡಿದಾಗ ಅವ್ವ ಹೇಗಿದ್ದೀರಿ, ಉಂಡಿರಾ ಎಂದೆಲ್ಲ ಕೇಳುತ್ತಿರಲಿಲ್ಲ. “ನೀರು ತಣ್ಣಗಾಗ್ಯಾವೇನ್ರಿ?” ಅನ್ನುತ್ತಿದ್ದಳು, ಅಷ್ಟೇ. ನಮ್ಮ ಕಡೆ ನೀರಿಗೂ ಬಹುವಚನ. ಮನುಷ್ಯರಿಗೆ ಕೊಡದ ಮರ್ಯಾದೆಯನ್ನು ನೀರಿಗೆ ಕೊಡುತ್ತೇವೆ. ಆಗ್ಯಾವ ಎಂದರೆ ಮೀನು ಕುಮಟಾದಲ್ಲೇ ಇದೆ, ಅಪ್ಪ ಮಧ್ಯಾಹ್ನದ ಊಟಕ್ಕೆ ಬರುತ್ತಾನೆ. ಕಾದಾವ ಎಂದರೆ ಅಪ್ಪನ ತಟ್ಟೆ ಗೋಡೆಗೆ ಒರಗಿಯೇ ಇರುತ್ತದೆ.

ನಾನು ನಾಲ್ಕನೆಯ ಇಯತ್ತೆಗೆ ಹೋದ ವರ್ಷ ಚಮಚ ತಿರುಗಲಿಲ್ಲ. ದೋಣಿಯವರು ಫೋನಿನಲ್ಲಿ ಹಂಚಿಕೊಳ್ಳುತ್ತಿದ್ದ ಸಮುದ್ರದ ಚಿತ್ರವನ್ನು ಅಪ್ಪ ಅವ್ವನಿಗೂ ಕಳಿಸುತ್ತಿದ್ದ: ಬಿಸಿ ಇದ್ದಲ್ಲಿ ಕೆಂಪು, ತಂಪು ಇದ್ದಲ್ಲಿ ನೀಲಿ. ನಮ್ಮ ದಂಡೆಯ ಪಕ್ಕ ನೀಲಿಯ ಒಂದು ಎಳೆಯೂ ಇರಲಿಲ್ಲ. ಎಲ್ಲ ಕುಂಕುಮದ ಭರಣಿ ಉರುಳಿದ ಹಾಗೆ. ಮೊದಲು ಅಪ್ಪ ಕುಮಟಾದಿಂದ ಕಾರವಾರಕ್ಕೆ ಹೋದ, ಅಲ್ಲಿಂದ ಗೋವಾ, ಅಲ್ಲಿಂದ ರತ್ನಾಗಿರಿ. ಅಷ್ಟು ದೂರದಿಂದ ಹಾನಗಲ್ಲಿಗೆ ತರುವಷ್ಟರಲ್ಲಿ ಐಸು ಕಣ್ಣೀರಾಗುತ್ತದೆ, ಮೀನು ಪಾಪ ಪ್ರಾಣ ಬಿಟ್ಟದ್ದಕ್ಕೂ ಅರ್ಥವಿರುವುದಿಲ್ಲ. ಅದಕ್ಕೇ ಅಲ್ಲಿಯ ಮೀನನ್ನು ಅಲ್ಲಿಯ ಪೇಟೆಗಳಿಗೇ ಹೊಡೆಯುತ್ತ ಉಳಿದುಬಿಟ್ಟ. ಒಂದು ಸಂಜೆ ಫೋನಿನಲ್ಲಿ ಅವನ ದನಿ ಎಲ್ಲರಿಗೂ ಕೇಳುವಂತೆ ಬಂತು:

“ದೀಪಾವಳಿ ನೀರು ತುಂಬೂ ಹಬ್ಬದ ತನಕ ನೋಡ್ತೇನಿ. ಅಷ್ಟರಾಗ ನಮ್ಮ ಕಡೆ ನೀರು ತಣ್ಣಗಾದ್ರ ಬರ್ತೇನಿ. ಇಲ್ಲಾಂದ್ರ ಇಲ್ಲೇ ಒಂದು ಖೋಲಿ ಹಿಡೀತೇನಿ. ಬಂದ್ರ ಮುಂದಿನ ಮಳಿಗಾಲಕ್ಕ.”

ಆಯಿ ಫೋನನ್ನೇ ಬೈದಳು.

“ಎಲ್ಲಾರೂ ಮೀನು ಹಿಡ್ಯಾಕ ಬಲಿ ಬೀಸತಾರ. ನನ್ನ ಮಗನಿಗೆ ಮೀನಽ ಬಲಿ ಬೀಸ್ಯಾವ!”

ಅವತ್ತೇ ರಾತ್ರಿಯ ಊಟಕ್ಕೆ ಮುಂಚೆ ನಾನು ಬಚ್ಚಲಲ್ಲಿ ಸ್ನಾನಕ್ಕೆ ಕುಳಿತಿದ್ದೆ. ಹಂಡೆಯಿಂದ ಕುದಿನೀರು ಬೆರೆಸಿಕೊಂಡು, ಹಬೆಯಲ್ಲಿ ನಾನೇ ಕಾಣದಷ್ಟು ವೈಭವದಿಂದ. ಆಯಿ ಹೊಸ್ತಿಲಲ್ಲಿ ನಿಂತು, ಹಬೆಯಾಡುತ್ತ ತೂತಿನೊಳಗೆ ಇಳಿಯುತ್ತಿದ್ದ ನೀರನ್ನೇ ನೋಡುತ್ತಿದ್ದಳು.

“ಕಸ್ತೂರೀ, ಈ ನೀರು ಎಲ್ಲಿಗೆ ಹೊಕ್ಕಾವ?”

ಪ್ರಶ್ನೆ ಕೇಳಿದರೆ ಸುಮ್ಮನಿರುವ ಜಾತಿಯೇ ಅಲ್ಲ ನಾನು.

“ಗಟಾರಕ್ಕ. ಗಟಾರದಿಂದ ಧರ್ಮಾ ಹೊಳಿಗೆ. ಹೊಳಿ ಸೀದಾ ಸಮುದ್ರಕ್ಕ.”

ಆಯಿ ಒಲೆಯ ಕಟ್ಟಿಗೆ ಹಿಂದಕ್ಕೆಳೆದು, ಚೊಂಬಿನಿಂದ ನೀರು ಹೊಯ್ದು ಬೆಂಕಿ ನಂದಿಸಿದಳು.

“ಹಂಗಾದ್ರ ಸಮುದ್ರಾನ ನಾವಽ ಕಾಸಾಕತ್ತೇವಿ.”

ಅವತ್ತಿನಿಂದ ನಮ್ಮ ಮನೆಯಲ್ಲಿ ಬಿಸಿನೀರು ಬಂದ್. ಆಯಿಯ ಕಾಯಿದೆಗೆ ಮೇಲ್ಮನವಿ ಇರಲಿಲ್ಲ. ಅನ್ನದ ಗಂಜಿ ಬಸಿದರೆ ಅದೂ ಆರಿದ ಮೇಲೆಯೇ ಗಟಾರಕ್ಕೆ. ಬೆಳಗಿನ ಚಳಿಯಲ್ಲಿ ಮೊದಲ ಚೊಂಬು ಬೆನ್ನಿಗೆ ಬಿದ್ದಾಗ ನಾನು ಕೂಗಿದ ಕೂಗಿಗೆ ಆನೆಕೆರೆಯ ಕೊಕ್ಕರೆಗಳು ಎದ್ದು ಅಕ್ಕಿಆಲೂರಿನಲ್ಲಿ ಇಳಿಯುತ್ತಿದ್ದವು. ಅವ್ವ ಈ ಹುಚ್ಚಾಟಕ್ಕೆ ನಗುತ್ತಾಳೆಂದು ಕಾದೆ. ಅವಳು ನಗಲಿಲ್ಲ. ನನಗಿಂತ ಮೊದಲೇ ಎದ್ದು, ತುಟಿ ಕಚ್ಚಿಕೊಂಡು, ಸದ್ದಿಲ್ಲದೆ ತಣ್ಣೀರು ಸುರಿದುಕೊಂಡು ಬರುತ್ತಿದ್ದಳು. ಹಲ್ಲು ಕಟಕಟ ಅನ್ನುತ್ತಿರುವಾಗಲೇ ಫೋನು ತೆಗೆದು ಕೆಂಪು ಎಷ್ಟು ಇಳಿಯಿತೆಂದು ನೋಡುತ್ತಿದ್ದಳು.

ಇನ್ನು ಗೌರಕ್ಕ. ಅವರದೂ ನಮ್ಮದೂ ಗಟಾರ ಒಂದೇ. ಗೌರಕ್ಕ ಹುಟ್ಟಿದಾಗಿನಿಂದ ಲಿಂಗಪೂಜೆ ಮಾಡದೆ ನೀರು ಮುಟ್ಟಿದವರಲ್ಲ, ಮೀನು ಕನಸಿನಲ್ಲಿ ಬಂದರೂ ಎದ್ದು ತಲೆಗೆ ಸ್ನಾನ ಮಾಡುವವರು; ನಮ್ಮ ಹೆಂಚಿನ ಹೊಗೆ ಆ ಕಡೆ ತಿರುಗಿದರೆ ಊದುಬತ್ತಿಯ ಕಟ್ಟನ್ನೇ ಹಚ್ಚಿಬಿಡುತ್ತಿದ್ದರು. ಆಯಿ ಹಿತ್ತಲ ಗೋಡೆಯ ಮೇಲಿಂದ ಕತ್ತು ಹಾಕಿ ಕೇಳಿಯೇಬಿಟ್ಟಳು.

“ಗೌರವ್ವಾ, ಸ್ವಲ್ಪ ದಿವಸ ನೀನೂ ತಣ್ಣೀರ ಜಳಕ ಮಾಡಬೇಕು ನೋಡು.”

“ಯಾಕ್ರಿ? ಕಟಗಿ ತೀರ್‍ಯಾವೇನು? ಕೊಡಲೇನು?”

“ಕಟಗಿ ಅಲ್ಲಬೇ. ನಿನ್ನ ಬಿಸಿನೀರು ಹೋಗಿ ಸಮುದ್ರ ಕಾಯಾಕತ್ತೈತಿ. ತಾರ್ಲಿ ಓಡಿ ಹೊಂಟಾವ.”

ಗೌರಕ್ಕ ಕೆಂಡದ ಮೇಲೆ ಕಾಲಿಟ್ಟವರಂತೆ ಹಿಂದೆ ಸರಿದರು.

“ಶಿವ ಶಿವಾ! ಜಲ್ಮದಾಗ ಮೀನಿನ ಮಾರಿ ನೋಡಿಲ್ಲ ನಾ. ಅವಕ್ಕ ಸೆಕಿ ಆದ್ರ ನಾ ಯಾಕ ನಡಗಬೇಕ್ರಿ? ಬೀಸಣಿಕಿ ಕೊಡ್ತೇನಿ, ಹೋಗಿ ಗಾಳಿ ಬೀಸ್ರಿ!”

ಹಾಗೆ ಶುರುವಾದ ಜಗಳ ದಸರೆಯ ತನಕ ನಡೆಯಿತು. ಬನ್ನಿ ಕೊಡಲು ಬಂದಾಗಲೂ ಗೌರಕ್ಕ ಬನ್ನಿ ಎಲೆಯನ್ನು ಆಯಿಯ ಕೈಗಿಡದೆ ಹೊಸ್ತಿಲ ಮೇಲಿಟ್ಟು ಹೋದರು.

ನಡುವೆ ಶಾಲೆಯಲ್ಲಿ ಒಂದು ಅನಾಹುತವಾಯಿತು. ಅಕ್ಕೋರು ನಕ್ಷೆ ತೂಗುಹಾಕಿ ನಮ್ಮ ಕಡೆಯ ಹೊಳೆಗಳನ್ನು ಕೋಲಿನಿಂದ ತೋರಿಸಿದರು. ಧರ್ಮಾ ವರದೆಗೆ ಸೇರುತ್ತದೆ, ವರದೆ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ. ಕೋಲು ಬಲಕ್ಕೆ, ಬಲಕ್ಕೆ, ಇನ್ನೂ ಬಲಕ್ಕೆ ಹೋಗಿ ನಕ್ಷೆಯ ಆ ತುದಿಯ ಬಂಗಾಳ ಕೊಲ್ಲಿಯಲ್ಲಿ ನಿಂತಿತು. ನಾನು ಬೆಂಚಿನ ಮೇಲೆಯೇ ಎದ್ದು ನಿಂತೆ. ಇಷ್ಟು ದಿನ ನಾವು ತಣ್ಣಗಿಟ್ಟದ್ದು ಬೇರೆ ಸಮುದ್ರ! ಅಪ್ಪನ ಪರಿಚಯವೇ ಇಲ್ಲದ ಸಮುದ್ರ! ಶಿರಸಿಯ ಆಚೆ ಬಿದ್ದ ನೀರು ಅರ್ಧ ದಿನದಲ್ಲಿ ಕುಮಟಾಕ್ಕೆ ಇಳಿಯುತ್ತದೆ, ನಮ್ಮ ಗಟಾರದ್ದು ಮಾತ್ರ ಬೆನ್ನು ತಿರುಗಿಸಿ ಇಡೀ ದೇಶ ದಾಟಿ ಹೋಗುತ್ತದೆ. ಗಂಟೆ ಬಾರಿಸಿದ್ದೇ ಮನೆಗೆ ಓಡಿದೆ. ಪುಸ್ತಕದ ನಕ್ಷೆಯನ್ನು ಆಯಿಯ ತೊಡೆಯ ಮೇಲೆ ಬಿಡಿಸಿ, ಅಕ್ಕೋರಿಗಿಂತ ಜೋರಾಗಿ ಪಾಠ ಮಾಡಿದೆ. ಅವ್ವ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

ಆಯಿಗೆ ಓದು ಬಾರದು. ಬೆರಳನ್ನು ಬಲಗಡೆಯ ನೀಲಿಯ ಮೇಲಿಟ್ಟಳು.

“ಇದು ಬ್ಯಾರೆ ಸಮುದ್ರ?”

“ಬ್ಯಾರೆ.”

ಬೆರಳು ನಿಧಾನವಾಗಿ ನೀಲಿಯ ಮೇಲೆಯೇ ಕೆಳಗೆ ಜಾರಿತು, ಕನ್ಯಾಕುಮಾರಿಯನ್ನು ಸುತ್ತಿತು, ಎಡಗಡೆ ಮೇಲಕ್ಕೆ ಹತ್ತಿ ಕುಮಟಾದ ಎದುರು ನಿಂತಿತು. ಎಲ್ಲೂ ಎತ್ತಲಿಲ್ಲ.

“ಎಲ್ಲಿ ಗೋಡಿ ಐತಿ ತೋರ್ಸು.”

ನಾನು ನಕ್ಷೆಯ ಮೇಲೆ ಬಗ್ಗಿ ಹುಡುಕಿದೆ. ಗೋಡೆ ಇರಲಿಲ್ಲ.

“ಸ್ವಲ್ಪ ಸುತ್ತ ಆಕ್ಕೈತಿ, ಅಷ್ಟಽ. ನಾಳೆಯಿಂದ ಇನ್ನಷ್ಟು ಲಗೂನ ಏಳಬೇಕು,” ಅಂದಳು ಆಯಿ.

ಅವ್ವ ಮೊರ ಎತ್ತಿಕೊಂಡಳು. ಅವಳ ಮುಖದಲ್ಲಿ ಆ ಕ್ಷಣ ಕಂಡದ್ದು ನನಗೆ ಆಗ ಅರ್ಥವಾಗಲಿಲ್ಲ. ನಮ್ಮ ತಣ್ಣೀರು ಕೆಲಸಕ್ಕೆ ಬರುವುದಿಲ್ಲವೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಆದರೆ ಬೆಳಿಗ್ಗೆ ಎದ್ದು ಗಂಡನಿಗಾಗಿ ಮಾಡಲು ಅವಳಿಗೆ ಉಳಿದಿದ್ದದ್ದು ಅದೊಂದೇ. ಮತ್ತೂ ಒಂದು ಸಂಗತಿ ಆ ದಿನಗಳಲ್ಲೇ ಗಮನಕ್ಕೆ ಬಂತು. ಗೌರಕ್ಕನ ಬಚ್ಚಲಿನ ಹೊಗೆಗೂಡಿನಿಂದ ಬೆಳಗಿನ ಹೊತ್ತು ಹೊಗೆ ಬರುವುದು ನಿಂತಿತ್ತು. ಗೋಡೆ ಹತ್ತಿ ಕಿವಿಗೊಟ್ಟೆ. ಒಳಗಿನಿಂದ ಚೊಂಬಿನ ಸದ್ದು, ಅದರ ಹಿಂದೆ “ಶಿವಾ, ಶಿವಾ, ಶಿವಾ” ಎಂಬ ಕಂಪಿಸುವ ದನಿ, ಆಮೇಲೆ ಸಣ್ಣಗೆ, “ಎಲ್ಲಿ ಹಾಳಾಗಿ ಹೋಗ್ಯಾವೋ ಈ ಮೀನಾ!”

ಈಗ ನೀರು ತುಂಬುವ ಹಬ್ಬ ಬಂತು. ದೀಪಾವಳಿಯ ಮೊದಲ ದಿನ ನಮ್ಮಲ್ಲಿ ಬಚ್ಚಲಿನ ಹಂಡೆಯೇ ದೇವರು. ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಕಟ್ಟಿ, ಹೊಸ ನೀರು ತುಂಬಬೇಕು. ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿ ಅದೇ ನೀರನ್ನು ಕಾಯಿಸಿ ಎರೆಯಬೇಕು. ಪ್ರತಿ ವರ್ಷ ಮೊದಲ ಚೊಂಬು ಅಪ್ಪನದು, ಅವನು “ಅಯ್ಯಯ್ಯೋ ಸುಟ್ಟೆ!” ಎಂದು ಸುಳ್ಳೇ ಕುಣಿಯುವುದನ್ನು ನೋಡಲು ನಾನು ಬಾಗಿಲಲ್ಲೇ ಕಾಯುತ್ತಿದ್ದೆ. ಆ ವರ್ಷ ಹಂಡೆ ಸಿಂಗಾರವಾಗಿ ಕುಳಿತಿತ್ತು, ಫೋನಿನ ಸಮುದ್ರ ಕೆಂಪಗೇ ಇತ್ತು, ಅಪ್ಪನ ಫೋನು ಹತ್ತುತ್ತಿರಲಿಲ್ಲ. ಆಯಿ ಹಂಡೆಯ ಮುಂದೆ ತಲೆಗೆ ಕೈ ಹೊತ್ತು ಕುಳಿತಳು. ಹಬ್ಬದ ದಿನ ತಣ್ಣೀರು ಎರೆದುಕೊಂಡರೆ ನರಕ. ಬಿಸಿನೀರು ಎರೆದುಕೊಂಡರೆ ಮಗ ರತ್ನಾಗಿರಿಯಲ್ಲಿ.

ಅಂಥ ಸಂಕಟದಲ್ಲಿ ಜಗತ್ತಿಗೆ ಬೇಕಾಗುವವಳು ನಾನು.

“ಆಯೀ, ಬಿಸಿನೀರು ಎರಕೊಳ್ಳೂದು ತಪ್ಪಲ್ಲ. ಬಿಸಿನೀರು ಚೆಲ್ಲೂದು ತಪ್ಪು. ಆರಿಸಿ ಚೆಲ್ಲಿದ್ರ?”

ಆಯಿ ನನ್ನ ಗಲ್ಲ ಹಿಂಡಿದ ರಭಸಕ್ಕೆ ಇವತ್ತಿಗೂ ಆ ಕೆನ್ನೆ ಸ್ವಲ್ಪ ಉದ್ದವಿದೆ. ನಸುಕಿನಲ್ಲಿ ಬಚ್ಚಲಿನ ತೂತಿಗೆ ಅರಿವೆ ತುರುಕಿದೆವು. ಅಪ್ಪ ಬಿಟ್ಟು ಹೋಗಿದ್ದ ಹಳೆಯ ಐಸಿನ ಪೆಟ್ಟಿಗೆಯನ್ನು ಹಿತ್ತಲಿನಿಂದ ಎಳೆತಂದು ಅದರೊಳಗೆ ನನ್ನನ್ನು ಕೂರಿಸಿ ಎರೆದರು. ಸೀಗೆಪುಡಿ ಹಾಕಿ ತಿಕ್ಕಿದಷ್ಟೂ ನಾನು ತಾರ್ಲಿಯಾಗುತ್ತಿದ್ದೆ. ಆ ಪೆಟ್ಟಿಗೆ ಐಸನ್ನು ಕರಗಲು ಬಿಡದಂಥದ್ದು. ಬಿಸಿಯನ್ನೂ ಆರಲು ಬಿಡಲಿಲ್ಲ. ಹಾಗಾಗಿ ಎರೆದ ನೀರನ್ನೆಲ್ಲ ಮೊಗೆದು ಕೊಡ, ಬೋಗುಣಿ, ಪರಾತ, ರೊಟ್ಟಿ ಬುಟ್ಟಿಯೊಂದನ್ನು ಬಿಟ್ಟು ಮನೆಯಲ್ಲಿದ್ದ ಎಲ್ಲದಕ್ಕೂ ತುಂಬಿ ಹಿತ್ತಲಲ್ಲಿ ಆರಲು ಇಟ್ಟೆವು. ಪಾತ್ರೆ ಸಾಲಲಿಲ್ಲ. ಆಗ ಗೋಡೆಯ ಆಚೆಯಿಂದ ಎರಡು ಹಿತ್ತಾಳೆಯ ಕೊಪ್ಪರಿಗೆಗಳು ಎದ್ದು ಬಂದವು, ಅವುಗಳ ಹಿಂದೆ ಗೌರಕ್ಕನ ತಲೆ.

“ತಗೋರಿ. ಮೀನಿನ ಸಲುವಾಗಿ ಅಲ್ಲ ಮತ್ತ. ಹಬ್ಬದಾಗ ಗಂಡಸು ಮನ್ಯಾಗಿರಬೇಕು, ಅದಕ್ಕ.”

“ನೀನೂ ಎರಕೊಂಡಿಯೇನು?” ಆಯಿ ಕೇಳಿದಳು.

“ಎರಕೊಂಡೆ. ಆರಾಕ ಇಟ್ಟೇನಿ. ನಮ್ಮ ಮನಿಯವರು ನನಗ ಹುಚ್ಚು ಹಿಡದೈತಿ ಅಂತ ಡಾಕ್ಟರನ್ನ ಕರೀಲಿಕ್ಕೆ ಹೋಗ್ಯಾರ.”

ಆಯಿ ನಕ್ಕಳು. ಗೌರಕ್ಕ ನಕ್ಕರು. ಎಷ್ಟೋ ದಿನಗಳ ಮೇಲೆ ಅವ್ವ ನಕ್ಕಳು, ಒದ್ದೆ ಸೆರಗನ್ನು ಬಾಯಿಗೆ ಒತ್ತಿಕೊಂಡು. ಹಿತ್ತಲ ತುಂಬ ಪಾತ್ರೆಗಳು, ಪ್ರತಿ ಪಾತ್ರೆಯಿಂದಲೂ ಏಳುತ್ತಿದ್ದ ಹಬೆ, ಅದರ ಮೇಲೆ ಮೊದಲ ಬಿಸಿಲು. ನಾನು ಒದ್ದೆ ತಲೆಯಲ್ಲೇ ಪಾತ್ರೆಯಿಂದ ಪಾತ್ರೆಗೆ ಓಡಿ, ಒಂದೊಂದರೊಳಗೂ ಬೆರಳದ್ದಿ “ಇದು ಆಗಿಲ್ಲ, ಇದು ಆಗಿಲ್ಲ” ಎಂದು ಅಕ್ಕೋರ ಗತ್ತಿನಲ್ಲಿ ತೀರ್ಪು ಕೊಡುತ್ತಿದ್ದೆ. ಮನೆಯಲ್ಲಿ ಗಂಡಸಿರಲಿಲ್ಲ, ಮೀನಿರಲಿಲ್ಲ. ಆದರೂ ನಾವೆಲ್ಲ ಒಟ್ಟಿಗೆ ಒಂದನ್ನೇ ಕಾಯುತ್ತಿದ್ದೆವು. ಅಷ್ಟು ತುಂಬಿದ ಮನೆಯನ್ನು ನಾನು ಮತ್ತೆ ನೋಡಿಲ್ಲ.

ಹಬೆ ಅಡಗಿ ಬಿಸಿಲು ಏರುವ ಹೊತ್ತಿಗೆ ಮುಂಬಾಗಿಲ ಅಗಳಿ ಸದ್ದಾಯಿತು. ಪಡಸಾಲೆ, ನಡುಮನೆ, ಅಡುಗೆಮನೆ ದಾಟಿ ಆ ಉದ್ದ ಮನೆಯೊಳಗೆ ಹೆಜ್ಜೆ ಹತ್ತಿರವಾಗುತ್ತ ಬಂತು. ಅವ್ವನ ಕೈಯ ಚೊಂಬು ಅಲ್ಲೇ ನಿಂತಿತು. ಗಡ್ಡ ಬಿಟ್ಟ ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತು ನಮ್ಮನ್ನೂ ಪಾತ್ರೆಗಳನ್ನೂ ಒಂದೊಂದಾಗಿ ನೋಡಿದ.

“ಇದೇನವ್ವಾ, ಬಚ್ಚಲ ನೀರಿನ ಸಂತಿ ಹಚ್ಚೀರೇನು?”

ಅವನು ಬಗ್ಗಿ, ಕಾಲಬುಡದಲ್ಲಿದ್ದ ಗೌರಕ್ಕನ ಕೊಪ್ಪರಿಗೆಯೊಳಗೆ ಕೈ ಅದ್ದಿದ.

“ನೀರು ತಣ್ಣಗಾಗ್ಯಾವಲ್ಲ.”

ಆಯಿ ಗೋಡೆ ಹಿಡಿದು ಎದ್ದಳು.

“ಸಮುದ್ರದ್ದೇನೋ, ಯಪ್ಪಾ?”

“ಇಲ್ಲವ್ವಾ. ಅಲ್ಲಿ ಕಾದಽ ಅದಾವ. ನಾನಽ ತಣ್ಣಗಾದೆ.” ಒದ್ದೆ ಕೈಯನ್ನು ಮುಖಕ್ಕೆ ಒರೆಸಿಕೊಂಡ. “ಐಸಿನ ಪೆಟಗಿ ಎಲ್ಲಾ ಕೊಟ್ಟು ಬಂದೆ. ಇನ್ನ ಹೋಗೂದಿಲ್ಲ.”

ಆಮೇಲೆ, ದಾರಿಯಲ್ಲಿ ಅಡ್ಡವಾಗಿದೆಯೆಂಬಂತೆ, ಆ ಕೊಪ್ಪರಿಗೆಯನ್ನು ಎರಡೂ ಕೈಯಿಂದ ಎತ್ತಿ ಗಟಾರಕ್ಕೆ ಚೆಲ್ಲಿಬಿಟ್ಟ. ನೀರು ಧರ್ಮಾ ಹೊಳೆಯ ಕಡೆ ಓಡಿತು. ಹರಿದು ಹೋಗುವ ನೀರನ್ನು ಹಿಡಿಯುವವಳಂತೆ ಆಯಿ ಕೈ ಮುಂದೆ ಚಾಚಿದಳು.